ಒಂದೇ ರಾತ್ರಿ ಅಕ್ಕ-ತಂಗಿಗೆ ಒಂದೇ ಕನಸು: ಅಲ್ಲಿ ಮತ್ತೆ ಭೇಟಿಯಾಗಲು ಸಾಧ್ಯವೇ?

ಪ್ರಶ್ನೆ: ನನಗೆ 38 ವರ್ಷ. ಬೆಂಗಳೂರಿನ ವಿಜಯನಗರದಲ್ಲಿ ಮನೆ, ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರದ ಕೆಲಸ. ಎಂಟು ತಿಂಗಳ ಹಿಂದೆ ಅಪ್ಪ ತೀರಿಕೊಂಡರು. ಕಳೆದ ತಿಂಗಳು ನಾನು ಮತ್ತು ಶಿವಮೊಗ್ಗದಲ್ಲಿರುವ ಅಕ್ಕ ತೀರ್ಥಹಳ್ಳಿ ಹತ್ತಿರದ ಹಳೆಯ ಮನೆಗೆ ಹೋಗಿ, ಮಾರುವ ಮೊದಲು ಸಾಮಾನು ಖಾಲಿ ಮಾಡಿ ಬಂದೆವು. ಅದಾಗಿ ಒಂದು ವಾರಕ್ಕೆ, ಬೆಳಗಿನ ಜಾವ, ಅಪ್ಪ ಆ ಮನೆಯ ಜಗಲಿಯಲ್ಲಿ ಕೊಡೆ ಹಿಡಿದು ನಿಂತಿದ್ದ ಕನಸು ಬಿತ್ತು. ಬೆಳಿಗ್ಗೆ ಅಕ್ಕನಿಗೆ ಫೋನ್ ಮಾಡಿ ಹೇಳಿದರೆ ಅವಳಿಗೂ ಅದೇ ರಾತ್ರಿ ಅಪ್ಪನ ಕನಸು, ಅದೇ ಮನೆ, ಮಳೆ. ಕೊಡೆ ಇತ್ತೇ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, ಹೌದು ಇತ್ತು ಎಂದಳು. ಇನ್ನೊಂದು ದಿನ ಅಲಾರಂ ಒತ್ತಿ ಮತ್ತೆ ಮಲಗಿದ ಒಂಬತ್ತು ನಿಮಿಷದಲ್ಲಿ ಅಪ್ಪನ ಜೊತೆ ಅದೇ ಮನೆಯಲ್ಲಿ ಹತ್ತು ವರ್ಷ ಬಾಳಿ ಎದ್ದೆ. ಎದ್ದ ಮೇಲೆ ಆ ಹತ್ತು ವರ್ಷ ಕಳೆದುಕೊಂಡಂತೆ ಅತ್ತೆ. ಕನಸಿನಲ್ಲಿ ಕಾಲ ಬೇರೆಯಾಗಿ ಓಡುತ್ತದೆಯೇ? ಇಬ್ಬರು ಒಂದೇ ಕನಸನ್ನು ಕಾಣಬಹುದೇ? ನಾನೂ ಅಕ್ಕನೂ ಮೂರು ವಾರಗಳಿಂದ ಬೆಳಗಿನ ನಾಲ್ಕಕ್ಕೆ ಅಲಾರಂ ಇಟ್ಟು ಎದ್ದು, ಜಗಲಿಯಲ್ಲಿ ಭೇಟಿಯಾಗೋಣ ಎಂದು ಹೇಳಿಕೊಂಡು ಮಲಗುತ್ತಿದ್ದೇವೆ. ಒಂದು ಮಾತ್ರೆಯಿಂದ ಇದು ಸುಲಭವಾಗುತ್ತದೆ ಎಂದು ಓದಿದೆ. ಇದು ಕಾಯಿಲೆ ಎನ್ನುತ್ತಾರೆ ನನ್ನ ಗಂಡ. ಅಪ್ಪನಿಗೆ ಏನೋ ಆಸೆ ಉಳಿದಿದೆ, ಪರಿಹಾರ ಮಾಡಿಸಬೇಕು ಎನ್ನುತ್ತಾರೆ ಅತ್ತೆ. ಮೈಗ್ರೇನ್‌ಗೆ ಮೂರು ತಿಂಗಳಿಂದ ಪ್ರೊಪ್ರನಾಲಾಲ್ ಬಿಟ್ಟರೆ ಬೇರೆ ಔಷಧ ಇಲ್ಲ. ಹೆಸರು ಬೇಡ.

ಉತ್ತರ: ನೀವು ಕೇಳಿರುವುದು ಎರಡು ಪ್ರಶ್ನೆ. ಅವುಗಳ ಕೆಳಗೆ ಮೂರನೆಯದೊಂದಿದೆ: ಅಪ್ಪನ ಜೊತೆ ಕಳೆಯಬಹುದಾದ ಕಾಲ ಇನ್ನೂ ಎಲ್ಲಾದರೂ ಉಳಿದಿದೆಯೇ, ಅಲ್ಲಿಗೆ ಅಕ್ಕನ ಜೊತೆ ಹೋಗಲು ದಾರಿ ಇದೆಯೇ? ನಿದ್ರೆಯ ತೊಂದರೆಗಳಿಗೆ ಚಿಕಿತ್ಸೆ ಕೊಡುವ ವೈದ್ಯನಾಗಿ ಈ ಪ್ರಶ್ನೆಯನ್ನು ಅನೇಕರ ಬಾಯಲ್ಲಿ ಕೇಳಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ತೀರಿಕೊಂಡವರ ಕನಸು ಬೀಳುವುದು ಕಾಯಿಲೆಯಲ್ಲ. ತಂದೆ, ತಾಯಿ, ಸಂಗಾತಿಯನ್ನು ಕಳೆದುಕೊಂಡವರಲ್ಲಿ ಇದು ತೀರಾ ಸಾಮಾನ್ಯ. ಅವರಲ್ಲಿ ಹೆಚ್ಚಿನವರಿಗೆ ಇಂಥ ಕನಸು ಸಮಾಧಾನವನ್ನೇ ಕೊಡುತ್ತದೆ. ನಿಮ್ಮ ಪತ್ರದಲ್ಲಿ ನನ್ನನ್ನು ಚಿಂತೆಗೆ ಹಚ್ಚಿದ್ದು ಆ ನಾಲ್ಕು ಗಂಟೆಯ ಅಲಾರಂ.

ಮೊದಲು ಕಾಲದ ವಿಚಾರ. ಕ್ಷಣಮಾತ್ರದಲ್ಲಿ ಒಂದು ಜೀವಮಾನವೇ ಕನಸಿನಲ್ಲಿ ಮುಗಿಯುತ್ತದೆ ಎಂಬ ನಂಬಿಕೆಗೆ ಯೂರೋಪಿನಲ್ಲಿ ದೊಡ್ಡ ಬಲ ಕೊಟ್ಟವರು ಆಲ್‌ಫ್ರೆಡ್ ಮೋರಿ ಎಂಬ ಫ್ರೆಂಚ್ ವಿದ್ವಾಂಸರು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ತಮ್ಮನ್ನು ಹಿಡಿದು, ವಿಚಾರಣೆ ನಡೆಸಿ, ಗಿಲೊಟಿನ್ ಎಂಬ ತಲೆ ಕಡಿಯುವ ಯಂತ್ರಕ್ಕೆ ತಲೆ ಕೊಡಿಸಿದಂತೆ ಅವರಿಗೊಂದು ಉದ್ದನೆಯ ಕನಸು ಬಿತ್ತು. ಎಚ್ಚರವಾದಾಗ ಮಂಚದ ಒಂದು ಪಟ್ಟಿ ಕಳಚಿ ಕುತ್ತಿಗೆಯ ಮೇಲೆ ಬಿದ್ದಿತ್ತು. ಪಟ್ಟಿ ಬಿದ್ದ ಆ ಕ್ಷಣದಲ್ಲೇ ಇಡೀ ಕನಸು ಹುಟ್ಟಿತು ಎಂದು ಅವರು ತೀರ್ಮಾನಿಸಿ 1861ರ ತಮ್ಮ ಪುಸ್ತಕದಲ್ಲಿ ಬರೆದರು. ಆದರೆ ಆ ಕನಸು ಬಿದ್ದು ಎಷ್ಟೋ ವರ್ಷಗಳಾದ ಮೇಲೆ ಬರೆದದ್ದು ಅದು. ಮೊದಲೇ ನಡೆಯುತ್ತಿದ್ದ ಕನಸಿನ ಕೊನೆಗೆ ಆ ಪೆಟ್ಟು ಸೇರಿಕೊಂಡಿರಬಹುದು ಎಂಬ ಸರಳ ವಿವರಣೆಯನ್ನು ಆಗ ಪರೀಕ್ಷಿಸಿ ನೋಡಲು ಸಾಧನ ಇರಲಿಲ್ಲ.

ಸಾಧನ ಸಿಕ್ಕಿದ್ದು 1953ರಲ್ಲಿ. ಷಿಕಾಗೊ ವಿಶ್ವವಿದ್ಯಾಲಯದ ಆಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್, ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆಗಳು ಚುರುಕಾಗಿ ಓಡಾಡುವ ನಿದ್ರೆಯ ಒಂದು ಹಂತವನ್ನು ಗುರುತಿಸಿದರು. ಇದೇ ರೆಮ್ ನಿದ್ರೆ. ಕಥೆಯಂತೆ ಸಾಗುವ, ಬಣ್ಣ ಬಣ್ಣದ ಕನಸುಗಳು ಹೆಚ್ಚಾಗಿ ಬೀಳುವುದು ಇಲ್ಲೇ. 1957ರಲ್ಲಿ ಡಿಮೆಂಟ್ ಮತ್ತು ಕ್ಲೈಟ್‌ಮನ್ ನೇರವಾದ ಒಂದು ಪ್ರಯೋಗ ಮಾಡಿದರು. ರೆಮ್ ನಿದ್ರೆ ಶುರುವಾಗಿ ಐದು ನಿಮಿಷಕ್ಕೋ ಹದಿನೈದು ನಿಮಿಷಕ್ಕೋ ಮಲಗಿದವರನ್ನು ಎಬ್ಬಿಸಿ, ಕನಸು ನಡೆದದ್ದು ಐದು ನಿಮಿಷವೋ ಹದಿನೈದೋ ಎಂದು ಕೇಳಿದರು. ಹತ್ತಕ್ಕೆ ಎಂಟಕ್ಕಿಂತ ಹೆಚ್ಚು ಬಾರಿ ಉತ್ತರ ಸರಿಯಾಗಿತ್ತು. ಕನಸು ಕ್ಷಣಾರ್ಧದಲ್ಲಿ ಮುಗಿಯುವಂಥದ್ದಾಗಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ.

ಇದಕ್ಕಿಂತ ಚಂದದ ಪುರಾವೆ ಕೊಟ್ಟವರು, ಇದು ಕನಸು ಎಂದು ಕನಸಿನೊಳಗೇ ಅರಿತುಕೊಳ್ಳಬಲ್ಲ ಕೆಲವರು. ಈ ಸ್ಥಿತಿಗೆ ಲೂಸಿಡ್ ಕನಸು ಎನ್ನುತ್ತಾರೆ. ಅರಿವಿನ ಕನಸು ಎಂದು ಕರೆಯೋಣ. ರೆಮ್ ನಿದ್ರೆಯಲ್ಲಿ ಕೈಕಾಲಿನ ಸ್ನಾಯುಗಳು ಸಡಿಲಾಗಿ ಕೆಲಸ ನಿಲ್ಲಿಸಿರುತ್ತವೆ, ಕಣ್ಣುಗಳು ಮಾತ್ರ ಆಡುತ್ತವೆ. 1975ರಲ್ಲಿ ಇಂಗ್ಲೆಂಡಿನ ಕೀತ್ ಹರ್ನ್, ಆಮೇಲೆ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಬಾರ್ಜ್ ಇದನ್ನೇ ಬಳಸಿಕೊಂಡರು. ಕನಸೆಂದು ತಿಳಿದ ಕೂಡಲೇ ಕಣ್ಣನ್ನು ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ ಆಡಿಸಬೇಕು ಎಂದು ಮೊದಲೇ ಒಪ್ಪಂದ. ಲಬಾರ್ಜ್ ಅವರ ಪ್ರಯೋಗದಲ್ಲಿ ಕನಸು ಕಾಣುವವರು ಕಣ್ಣಿನ ಸನ್ನೆ ಮಾಡಿ, ಕನಸಿನಲ್ಲೇ ಹತ್ತು ಸೆಕೆಂಡು ಎಣಿಸಿ, ಮತ್ತೆ ಸನ್ನೆ ಮಾಡಿದರು. ಎರಡು ಸನ್ನೆಗಳ ನಡುವೆ ಹೊರಗಿನ ಗಡಿಯಾರದಲ್ಲಿ ಕಳೆದದ್ದೂ ಸುಮಾರು ಅಷ್ಟೇ ಹೊತ್ತು. ಮುಂದೆ 2004ರಲ್ಲಿ ಎರ್ಲಾಕರ್ ಮತ್ತು ಶ್ರೆಡ್ಲ್ ಎಂಬ ಸಂಶೋಧಕರು ಬೆರಳೆಣಿಕೆಯಷ್ಟು ಜನರಿಂದ ಕನಸಿನಲ್ಲಿ ಬಸ್ಕಿ ಹೊಡೆಸಿದರು. ಎಚ್ಚರದಲ್ಲಿ ಹಿಡಿಯುವ ಸಮಯಕ್ಕಿಂತ ಅಲ್ಲಿ ಶೇ 40ಕ್ಕೂ ಹೆಚ್ಚು ಸಮಯ ಹಿಡಿಯಿತು! ಅಂದರೆ ಕನಸು ನಮ್ಮ ಗಡಿಯಾರದ ವೇಗದಲ್ಲೇ ಸಾಗುತ್ತದೆ. ಮೈ ಬಳಸುವ ಕೆಲಸಗಳಲ್ಲಿ ತುಸು ನಿಧಾನವಾಗಬಹುದೇ ವಿನಾ ವರ್ಷಗಳನ್ನು ನಿಮಿಷಕ್ಕೆ ಅಡಕಗೊಳಿಸುವ ವೇಗ ಅದಕ್ಕೆ ಇಲ್ಲ.

ಹಾಗಾದರೆ ನಿಮ್ಮ ಹತ್ತು ವರ್ಷ ಎಲ್ಲಿಂದ ಬಂತು? ನೀವು ಮಲೆನಾಡಿನವರು, ಯಕ್ಷಗಾನ ನೋಡಿಯೇ ಇರುತ್ತೀರಿ. ಪಾತ್ರಧಾರಿ ರಂಗಸ್ಥಳದಲ್ಲಿ ಒಂದು ಸುತ್ತು ಬಂದರೆ ಅರಮನೆಯಿಂದ ಕಾಡಿಗೆ ಬಂದಾಯಿತು, ಭಾಗವತರು ಒಂದು ಪದ ಹೇಳಿ ಮುಗಿಸುವಷ್ಟರಲ್ಲಿ ಹನ್ನೆರಡು ವರ್ಷದ ವನವಾಸ ಕಳೆಯಿತು. ನೋಡುವವರಿಗೆ ಹನ್ನೆರಡು ವರ್ಷ ಕಳೆದದ್ದು ಗೊತ್ತಾಗುತ್ತದೆ, ಆದರೆ ಅವರು ಕುಳಿತದ್ದು ಕೆಲವೇ ನಿಮಿಷ. ಕನಸು ಹೀಗೆಯೇ ದೃಶ್ಯದಿಂದ ದೃಶ್ಯಕ್ಕೆ ಹಾರುತ್ತದೆ, ನಡುವಿನದನ್ನು ತೋರಿಸದೆ ಬಿಡುತ್ತದೆ. ಜೊತೆಗೆ, ಇಲ್ಲಿದ್ದು ಬಹಳ ವರ್ಷವಾಯಿತು ಎಂಬ ಭಾವನೆಯೊಂದು ತಾನಾಗಿ ಬಂದು ಕೂರುತ್ತದೆ. ಕಾಲಕ್ರಮವನ್ನು ಸರಿಯಾಗಿ ಜೋಡಿಸುವ, ಇದು ಹೇಗೆ ಸಾಧ್ಯ ಎಂದು ಪ್ರಶ್ನಿಸುವ ಮಿದುಳಿನ ಮುಂಭಾಗದ ಕೆಲವು ವಲಯಗಳು ರೆಮ್ ನಿದ್ರೆಯಲ್ಲಿ ಮಂಕಾಗಿರುತ್ತವೆ. ಭಾವನೆಗೆ ಸಂಬಂಧಿಸಿದ ವಲಯಗಳು ಚುರುಕಾಗಿರುತ್ತವೆ. ಹಾಗಾಗಿ ಆ ಭಾವನೆಯನ್ನು ಪ್ರಶ್ನೆ ಮಾಡುವವರು ಅಲ್ಲಿ ಯಾರೂ ಇರುವುದಿಲ್ಲ. ಆ ಹತ್ತು ವರ್ಷಗಳಲ್ಲಿ ಎಷ್ಟು ಮಳೆಗಾಲ ನೆನಪಿದೆ, ಎಷ್ಟು ದಿನದ ಊಟ ನೆನಪಿದೆ ಎಂದು ಬರೆದು ನೋಡಿ. ನಾಲ್ಕೈದು ದೃಶ್ಯ ಸಿಗುತ್ತದೆ. ಅವು ಒಂಬತ್ತು ನಿಮಿಷದಲ್ಲಿ ಧಾರಾಳವಾಗಿ ಹಿಡಿಸುತ್ತವೆ.

ಇದನ್ನು ನಿಮ್ಮ ದುಃಖ ಕಡಿಮೆ ಮಾಡಲೆಂದು ಹೇಳುತ್ತಿಲ್ಲ. ಆ ನಾಲ್ಕೈದು ದೃಶ್ಯಗಳಲ್ಲಿ ನಿಮಗಾದ ಸಂತೋಷ ನಿಜವಾದದ್ದು, ಎದ್ದಾಗ ಆದ ಸಂಕಟವೂ ನಿಜವಾದದ್ದು. ಅಲ್ಲೆಲ್ಲೋ ನಿಮ್ಮ ಹತ್ತು ವರ್ಷ ಕಳೆದುಹೋಗಿಲ್ಲ ಎಂದಷ್ಟೇ ನನ್ನ ಮಾತು.

ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂಬ ಮಾತನ್ನು ನಿಮ್ಮ ಅತ್ತೆಯವರೂ ಹೇಳಿರಬಹುದು. ಬೆಳಗಿನ ಜಾವಕ್ಕೆ ವಿಶೇಷ ಇರುವುದು ನಿಜ, ಕಾರಣ ಬೇರೆ. ನಿದ್ರೆ ಸುಮಾರು 90 ನಿಮಿಷಗಳ ಆವರ್ತಗಳಲ್ಲಿ ಸಾಗುತ್ತದೆ. ರಾತ್ರಿಗೆ ನಾಲ್ಕೈದು ಆವರ್ತ. ಮೊದಲ ಆವರ್ತದಲ್ಲಿ ರೆಮ್ ನಿದ್ರೆ ಹತ್ತು ನಿಮಿಷವೂ ಇರುವುದು ಕಷ್ಟ, ಕೊನೆಯ ಆವರ್ತಗಳಲ್ಲಿ ಅರ್ಧ ಗಂಟೆಗೂ ಮೀರಬಹುದು. ಬೆಳಗಾಗುವ ಹೊತ್ತಿಗೆ ಕನಸು ಉದ್ದವಾಗಿರುತ್ತದೆ, ಅದರ ನಡುವೆಯೇ ಎಚ್ಚರವಾಗುವುದರಿಂದ ನೆನಪಿನಲ್ಲೂ ಉಳಿಯುತ್ತದೆ. ರಾತ್ರಿ ಹನ್ನೆರಡರ ಕನಸು ಮರೆತುಹೋಗುತ್ತದೆ, ಐದೂವರೆಯದು ನೆನಪಿರುತ್ತದೆ. ನೆನಪಿದ್ದದ್ದಕ್ಕೆ ತಾನೇ ನಾವು ಫಲ ಹುಡುಕುವುದು.

ಇನ್ನು ನೀವು ಮತ್ತು ಅಕ್ಕ. ನೀವು ಲೆಕ್ಕಪತ್ರದವರಾದ್ದರಿಂದ ಲೆಕ್ಕದಿಂದಲೇ ಶುರು ಮಾಡುತ್ತೇನೆ. ಅಪ್ಪ ತೀರಿಕೊಂಡ ಮೇಲೆ ಇಬ್ಬರಿಗೂ ವಾರಕ್ಕೊಮ್ಮೆ ಅವರ ಕನಸು ಬೀಳುತ್ತದೆ ಎಂದುಕೊಳ್ಳೋಣ. ಯಾವುದೋ ಒಂದು ರಾತ್ರಿ ನಿಮಗೆ ಬೀಳುವ ಸಾಧ್ಯತೆ ಏಳರಲ್ಲಿ ಒಂದು, ಅಕ್ಕನಿಗೂ ಅಷ್ಟೇ. ಒಂದೇ ರಾತ್ರಿ ಇಬ್ಬರಿಗೂ ಬೀಳುವ ಸಾಧ್ಯತೆ 49ರಲ್ಲಿ 1. ಎಂಟು ತಿಂಗಳೆಂದರೆ ಸುಮಾರು 240 ರಾತ್ರಿ. ಭಾಗಿಸಿ ನೋಡಿ, ಹೆಚ್ಚುಕಡಿಮೆ ಐದು ರಾತ್ರಿ ಬರುತ್ತದೆ. ಇಬ್ಬರ ನಡುವೆ ಯಾವ ಗುಪ್ತ ಸಂಪರ್ಕವೂ ಇಲ್ಲದೆ, ಬರಿಯ ಕಾಕತಾಳೀಯವಾಗಿಯೇ ಐದು ಸಲ ಆಗಬಹುದಾದ ಸಂಗತಿ ಇದು. ಅವುಗಳಲ್ಲಿ ಒಂದರ ಮಾರನೆಯ ಬೆಳಿಗ್ಗೆ ನೀವು ಫೋನ್ ಮಾಡಿದಿರಿ.

ಅದೇ ಮನೆ ಯಾಕೆ ಎಂದು ನೀವು ಕೇಳಬಹುದು. ಆ ಕನಸಿಗೆ ಒಂದು ವಾರ ಮೊದಲು ಇಬ್ಬರೂ ಆ ಮನೆಯನ್ನು ಖಾಲಿ ಮಾಡಿದ್ದಿರಿ. ಹಗಲಿನ ಅನುಭವ ಆ ರಾತ್ರಿಯೋ ಮರುರಾತ್ರಿಯೋ ಕನಸಿಗೆ ಬರುವುದು ಫ್ರಾಯ್ಡ್ ಕಾಲದಿಂದಲೂ ತಿಳಿದದ್ದು. ಅಷ್ಟಾಗಿ ತಿಳಿಯದ ಸಂಗತಿ ಇನ್ನೊಂದಿದೆ. ಮನಸ್ಸಿಗೆ ತಟ್ಟಿದ ಘಟನೆಗಳು ಐದರಿಂದ ಏಳು ದಿನ ಬಿಟ್ಟು ಕನಸಿನಲ್ಲಿ ಮತ್ತೊಮ್ಮೆ ತಲೆ ಎತ್ತುತ್ತವೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಇಬ್ಬರೂ ಒಂದೇ ದಿನ ಒಂದೇ ಜಗಲಿಯನ್ನು ಕೊನೆಯ ಬಾರಿಗೆ ಗುಡಿಸಿ ಬಂದವರು. ಒಂದು ವಾರದ ನಂತರ ಇಬ್ಬರ ಮಿದುಳೂ ಅದನ್ನೇ ಮತ್ತೆ ಕೈಗೆತ್ತಿಕೊಂಡಿದ್ದರೆ ನನಗೆ ಆಶ್ಚರ್ಯವಿಲ್ಲ. ಮಲೆನಾಡಿನ ಮನೆ ಎಂದ ಮೇಲೆ ಮಳೆಯೂ ಬರುತ್ತದೆ.

ಇನ್ನು ಕೊಡೆ. ನಿಮ್ಮ ಪ್ರಾಮಾಣಿಕತೆಯನ್ನು ನಾನು ಮೆಚ್ಚುತ್ತೇನೆ. ಅಕ್ಕ ಮೊದಲು ಯೋಚಿಸಿದಳು, ಆಮೇಲೆ ಹೌದು ಎಂದಳು ಎಂದು ನೀವೇ ಬರೆದಿದ್ದೀರಿ. ಕೊಡೆಯ ಮಾತು ಮೊದಲು ಬಂದದ್ದು ನಿಮ್ಮಿಂದ. ಅಕ್ಕ ಸುಳ್ಳು ಹೇಳಿದಳೆಂದು ಖಂಡಿತ ಭಾವಿಸಬೇಡಿ. ರೆಮ್ ನಿದ್ರೆಯಲ್ಲಿ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಮಿದುಳಿನಲ್ಲಿ ತೀರಾ ಕೆಳಮಟ್ಟಕ್ಕೆ ಇಳಿದಿರುತ್ತದೆ. ನೆನಪು ಗಟ್ಟಿಯಾಗಲು ಅದು ಬೇಕು, ಕನಸು ಎದ್ದ ಕೆಲವೇ ನಿಮಿಷದಲ್ಲಿ ಕರಗುವುದಕ್ಕೆ ಇದೂ ಒಂದು ಕಾರಣ. ಹಾಗೆ ಅರೆಬರೆ ಉಳಿದ ನೆನಪಿಗೆ ಯಾರಾದರೂ ಪ್ರೀತಿಯಿಂದ ಒಂದು ವಿವರ ಕೊಟ್ಟರೆ ಅದು ಅಲ್ಲಿ ಸೇರಿಕೊಳ್ಳುತ್ತದೆ, ಮೊದಲಿನಿಂದಲೂ ಇತ್ತೆಂದೇ ತೋರುತ್ತದೆ. ಮಳೆಯಲ್ಲಿ ನಿಂತ ಅಪ್ಪನ ಕೈಗೆ ಕೊಡೆ ಸೇರಲು ಹೆಚ್ಚು ಹೊತ್ತು ಬೇಡ.

ಒಬ್ಬರ ಮನಸ್ಸಿನಿಂದ ಇನ್ನೊಬ್ಬರ ಕನಸಿಗೆ ಏನಾದರೂ ದಾಟುತ್ತದೆಯೇ ಎಂಬುದನ್ನು ವಿಜ್ಞಾನ ಪರೀಕ್ಷಿಸದೆ ಬಿಟ್ಟಿಲ್ಲ. 1960 ಮತ್ತು 70ರ ದಶಕಗಳಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿರುವ ಮೈಮೊನಿಡೀಸ್ ವೈದ್ಯಕೀಯ ಕೇಂದ್ರದಲ್ಲಿ ಉಲ್ಮನ್ ಮತ್ತು ಕ್ರಿಪ್ನರ್ ಇದನ್ನು ವರ್ಷಗಟ್ಟಲೆ ಮಾಡಿದರು. ಒಂದು ಕೋಣೆಯಲ್ಲಿ ಒಬ್ಬರು ಚಿತ್ರವೊಂದನ್ನು ದಿಟ್ಟಿಸುವುದು, ಇನ್ನೊಂದರಲ್ಲಿ ಮಲಗಿದವರನ್ನು ರೆಮ್ ನಿದ್ರೆಯಿಂದ ಎಬ್ಬಿಸಿ ಕನಸು ಕೇಳುವುದು. ಚಿತ್ರವೂ ಕನಸೂ ಹೊಂದುತ್ತವೆ ಎಂದು ಅವರು ವರದಿ ಮಾಡಿದರು. ಆದರೆ ಬೇರೆ ಕಡೆ ಅದೇ ಫಲಿತಾಂಶ ನೆಚ್ಚುವ ಹಾಗೆ ಮರುಕಳಿಸಲಿಲ್ಲ.

ಕನಸಿನೊಳಗೆ ದಾಟಿದ್ದು ಸಾಬೀತಾಗಿರುವುದು ಒಂದೇ ದಾರಿಯಿಂದ, ಇಂದ್ರಿಯಗಳಿಂದ. 2021ರಲ್ಲಿ ಅಮೆರಿಕ, ಫ್ರಾನ್ಸ್, ಜರ್ಮನಿ, ನೆದರ್ಲೆಂಡ್ಸ್‌ನ ನಾಲ್ಕು ಪ್ರಯೋಗಾಲಯಗಳು ಒಟ್ಟಾಗಿ ಒಂದು ವರದಿ ಪ್ರಕಟಿಸಿದವು. ಅರಿವಿನ ಕನಸಿನಲ್ಲಿದ್ದವರಿಗೆ ಸಣ್ಣ ಲೆಕ್ಕ ಕೇಳಿದರು, ಎಂಟರಲ್ಲಿ ಆರು ಕಳೆದರೆ ಎಷ್ಟು ಎಂಬಂಥದ್ದು. ಕೆಲವರು ನಿದ್ರೆಯಲ್ಲಿದ್ದೇ ಕಣ್ಣಿನ ಸನ್ನೆಯಿಂದ ಎರಡು ಎಂದು ಉತ್ತರಿಸಿದರು. ಹೆಚ್ಚಿನ ಪ್ರಯತ್ನಗಳಿಗೆ ಉತ್ತರವೇ ಬರಲಿಲ್ಲ ಎಂಬುದನ್ನೂ ಹೇಳಬೇಕು. ಆದರೂ ಇದು ನನಗೆ ಅದ್ಭುತವಾಗಿ ಕಾಣುತ್ತದೆ. ಮಲಗಿದವರ ಕಿವಿ ಪೂರ್ತಿ ಮುಚ್ಚಿರುವುದಿಲ್ಲ. ಒಂದೇ ಕೋಣೆಯಲ್ಲಿ ಮಲಗಿದ ಗಂಡ-ಹೆಂಡತಿಗೆ ಒಂದೇ ಬಗೆಯ ಕನಸು ಬಿತ್ತೆಂದು ಹೇಳಿಕೊಂಡು ಬರುವವರನ್ನು ನಾನು ಮೊದಲು ಕೇಳುವುದು, ಆ ಹೊತ್ತಿಗೆ ಮಳೆ ಬಂತೇ, ಪಕ್ಕದ ದೇವಸ್ಥಾನದಲ್ಲಿ ಸುಪ್ರಭಾತ ಹಾಕಿದ್ದರೇ, ಕಸದ ಆಟೋ ಹಾಡು ಹಾಕಿಕೊಂಡು ಬಂದಿತ್ತೇ ಎಂದು. ನಿಮ್ಮಿಬ್ಬರ ನಡುವೆ ಮುನ್ನೂರು ಕಿಲೋಮೀಟರ್ ದೂರ ಇರುವುದರಿಂದ ಆ ದಾರಿಯೂ ಇಲ್ಲ.

ನಮ್ಮಲ್ಲಿ ಇದನ್ನು ಯೋಚಿಸಿದವರು ಇಲ್ಲದಿಲ್ಲ. ಮಾಂಡೂಕ್ಯ ಉಪನಿಷತ್ತಿಗೆ ಕಾರಿಕೆ ಬರೆದ ಗೌಡಪಾದರು ನಿಮ್ಮ ಎರಡು ಪ್ರಶ್ನೆಗಳನ್ನೂ ಎತ್ತಿದ್ದಾರೆ. ಮಲಗಿದ ಅಷ್ಟು ಅಲ್ಪ ಕಾಲದಲ್ಲಿ ದೂರದ ಊರಿಗೆ ಹೋಗಿ ನೋಡಿ ಬರಲಾಗದು, ಆದ್ದರಿಂದ ಕನಸಿನವನು ನಿಜವಾಗಿ ಅಲ್ಲಿಗೆ ಹೋಗಿರುವುದಿಲ್ಲ ಎನ್ನುತ್ತಾರೆ ಒಂದು ಕಡೆ. ಇನ್ನೊಂದು ಕಡೆ, ಕನಸಿನಲ್ಲಿ ಗೆಳೆಯರ ಜೊತೆ ಮಾತಾಡಿದವನಿಗೆ ಎಚ್ಚರವಾದ ಮೇಲೆ ಆ ಮಾತುಕತೆ ಸಿಗುವುದಿಲ್ಲ ಎನ್ನುತ್ತಾರೆ. ಅವರು ಹೊರಟ ಗುರಿ ವೇದಾಂತದ್ದು, ನನ್ನದು ವೈದ್ಯಕೀಯದ್ದು. ಆದರೂ ಕನಸನ್ನು ಎಚ್ಚರದ ಸಾಕ್ಷ್ಯದ ಎದುರು ಇಟ್ಟು ನೋಡುವ ಆ ಕ್ರಮ ಇಂದಿಗೂ ಒಳ್ಳೆಯದು. ನೀವಿಬ್ಬರೂ ಅದನ್ನೇ ಮಾಡಿ ನೋಡಬಹುದು: ಹಾಸಿಗೆಯ ಪಕ್ಕ ಒಂದು ನೋಟ್‌ಬುಕ್ ಇಟ್ಟುಕೊಂಡು, ಎದ್ದ ಕೂಡಲೇ, ಮೊಬೈಲ್ ಮುಟ್ಟುವ ಮೊದಲು, ಕಂಡದ್ದನ್ನು ದಿನಾಂಕ ಹಾಕಿ ಬರೆಯಿರಿ. ಅಕ್ಕನೂ ಬರೆಯಲಿ. ತಿಂಗಳ ಕೊನೆಗೆ ಇಬ್ಬರ ಬರಹವನ್ನೂ ಪಕ್ಕಪಕ್ಕ ಇಟ್ಟು ಓದಿ. ಹೊಂದಿದ ರಾತ್ರಿಗಳ ಜೊತೆ ಹೊಂದದ ರಾತ್ರಿಗಳನ್ನೂ ಎಣಿಸಬೇಕು, ಅದು ಮುಖ್ಯ. ಇದರಲ್ಲಿ ಅಪಾಯವಿಲ್ಲ. ಇಷ್ಟೇ, ಬರೆಯಲೆಂದು ನಡುರಾತ್ರಿ ಎದ್ದು ಕೂರಬಾರದು.

ಅಪ್ಪನನ್ನು ಕನಸಿನಲ್ಲಿ ಕಾಣಬೇಕೆಂಬ ಆಸೆಯಲ್ಲಿ ತಪ್ಪಿಲ್ಲ. ಮಲಗುವ ಮುಂಚೆ ಅವರ ಫೋಟೊ ನೋಡಿ, ಅವರ ಜೊತೆಗಿನ ಯಾವುದಾದರೂ ಒಂದು ದಿನವನ್ನು ನೆನೆಸಿಕೊಂಡು ಮಲಗಿ. ಮನಸ್ಸಿನಲ್ಲಿ ಇಟ್ಟುಕೊಂಡು ಮಲಗಿದ್ದು ಕನಸಿಗೆ ಬರುವ ಸಾಧ್ಯತೆ ಹೆಚ್ಚುತ್ತದೆ. ಬಾರದ ರಾತ್ರಿ ಅಪ್ಪ ಮುನಿಸಿಕೊಂಡರೆಂದು ಮಾತ್ರ ತಿಳಿಯಬೇಡಿ.

ನಾಲ್ಕು ಗಂಟೆಯ ಅಲಾರಂ ಬೇರೆಯೇ ವಿಷಯ. ಅರಿವಿನ ಕನಸಿಗೆ ಇದು ಪರಿಚಿತ ಉಪಾಯ, ಕೆಲವರಿಗೆ ಫಲಿಸುತ್ತದೆ ಕೂಡ. ವಾರಕ್ಕೊಮ್ಮೆ, ಮರುದಿನ ರಜೆ ಇರುವಾಗ, ಆರೋಗ್ಯವಂತರು ಮಾಡಿದರೆ ದೊಡ್ಡ ಹಾನಿಯಿಲ್ಲ. ಪ್ರತಿ ದಿನ ಮೂರು ವಾರ ಮಾಡುವುದು ಎಂದರೆ ರೆಮ್ ನಿದ್ರೆ ಹೆಚ್ಚಾಗಿ ಬರುವ ಹೊತ್ತನ್ನೇ ಕತ್ತರಿಸಿದಂತೆ. ಯಾವ ಕನಸಿಗಾಗಿ ಎದ್ದಿರೋ ಆ ಕನಸಿನ ಸಮಯವೇ ಕಡಿಮೆಯಾಗುತ್ತದೆ. ಹೀಗೆ ನಿದ್ರೆ ಮುರಿದಾಗ ಎಚ್ಚರವಾಗಿದ್ದೂ ಮೈ ಅಲುಗಿಸಲಾಗದ, ಎದೆಯ ಮೇಲೆ ಯಾರೋ ಕೂತಂತೆ ಅನಿಸುವ ಸ್ಥಿತಿ ಕೆಲವರಿಗೆ ಬರುತ್ತದೆ. ಇದು ನಿದ್ರಾ ಪಾರ್ಶ್ವವಾಯು. ಕೆಲವು ನಿಮಿಷಗಳಲ್ಲಿ ತಾನಾಗಿ ಬಿಡುತ್ತದೆ, ಪ್ರಾಣಾಪಾಯ ಇಲ್ಲ, ಆದರೆ ದುಃಖದಲ್ಲಿರುವವರಿಗೆ ಅದು ಭಯಂಕರವಾಗಿ ಕಾಣುತ್ತದೆ. ನಿದ್ರೆ ಕೆಟ್ಟರೆ ಮೈಗ್ರೇನ್ ಕೂಡ ಕೆರಳುತ್ತದೆ. ಇವೆಲ್ಲಕ್ಕಿಂತ ನನ್ನನ್ನು ಕಾಡುವುದು ನಿಮ್ಮ ದಿನನಿತ್ಯದ ಪ್ರಯಾಣ. ಪೀಣ್ಯಕ್ಕೆ ಸ್ಕೂಟರ್‌ನಲ್ಲಿ ಹೋಗುವವರಾದರೆ, ಗೊರಗುಂಟೆಪಾಳ್ಯದ ಲಾರಿಗಳ ನಡುವೆ ಒಂದೆರಡು ಸೆಕೆಂಡಿನ ತೂಕಡಿಕೆ ಸಾಕು. ದಯವಿಟ್ಟು ಇಂದೇ ಆ ಅಲಾರಂ ತೆಗೆದುಹಾಕಿ, ಅಕ್ಕನಿಗೂ ಹೇಳಿ.

ನೀವು ಓದಿದ ಮಾತ್ರೆ ಬಹುಶಃ ಗ್ಯಾಲಂಟಮಿನ್. ಅದು ಆಲ್ಜೈಮರ್ ಕಾಯಿಲೆಯ ಔಷಧ. ವಾಕರಿಕೆ, ವಾಂತಿ ತರುತ್ತದೆ, ಹೃದಯದ ಬಡಿತ ನಿಧಾನ ಮಾಡುತ್ತದೆ. ನೀವು ತೆಗೆದುಕೊಳ್ಳುತ್ತಿರುವ ಪ್ರೊಪ್ರನಾಲಾಲ್ ಕೂಡ ಬಡಿತ ಇಳಿಸುವ ಔಷಧವೇ. ಎರಡೂ ಸೇರಿದರೆ ಬಡಿತ ಅಪಾಯದ ಮಟ್ಟಕ್ಕೆ ಇಳಿದು ತಲೆ ತಿರುಗಿ ಬೀಳಬಹುದು. ಎಲ್ಲಿಂದಲೂ ತರಿಸಿಕೊಳ್ಳಬೇಡಿ.

ಪರಿಹಾರದ ಬಗ್ಗೆ: ಕನಸನ್ನು ಅಪ್ಪನ ಬೇಡಿಕೆ ಎಂದು ಓದಲು ವೈದ್ಯನಾದ ನನಗೆ ಆಧಾರ ಕಾಣುವುದಿಲ್ಲ. ಅಪ್ಪನ ಹೆಸರಿನಲ್ಲಿ ಪೂಜೆ, ಅನ್ನದಾನ ಮಾಡಿದರೆ ನಿಮಗೂ ಮನೆಯವರಿಗೂ ಮನಸ್ಸು ಹಗುರಾಗುವುದಾದರೆ ಮಾಡಿ, ಅತ್ತೆಯವರ ಕಾಳಜಿಯೂ ಅಲ್ಲಿ ಇದೆ. ಆದರೆ ಮಾಡಿಸದಿದ್ದರೆ ಕೆಡುಕಾದೀತು ಎಂದು ಹೆದರಿಸಿ ಹಣ ಕೇಳುವವರ ಹತ್ತಿರ ಹೋಗಬೇಡಿ.

ವೈದ್ಯರನ್ನು ಯಾವಾಗ ಕಾಣಬೇಕು? ಅಪ್ಪ ನರಳುವ, ಸಾಯುವ ದೃಶ್ಯವೇ ಮತ್ತೆ ಮತ್ತೆ ಬಂದು ಮಲಗಲು ಹೆದರಿಕೆಯಾದರೆ ಬನ್ನಿ. ಹಗಲಿನಲ್ಲಿ ಆ ಕನಸಿನ ಕಥೆಯನ್ನು ಬದಲಿಸಿ ಬರೆದು, ಬದಲಿಸಿದ್ದನ್ನು ಪ್ರತಿದಿನ ಸ್ವಲ್ಪ ಹೊತ್ತು ಮನಸ್ಸಿನಲ್ಲಿ ನಡೆಸುವ ಒಂದು ಚಿಕಿತ್ಸೆ ಇದೆ, ದುಃಸ್ವಪ್ನಗಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಎಂಟು ತಿಂಗಳಾದರೂ ಊಟ, ಕೆಲಸ, ಮಕ್ಕಳು ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ, ಕನಸಿನ ಲೋಕಕ್ಕೇ ಹೋಗಿಬಿಡೋಣ ಅನಿಸಿದರೆ, ತಡ ಮಾಡಬೇಡಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್ ನಿಮ್ಮ ಊರಿನಲ್ಲೇ ಇದೆ.

ಕೊನೆಯದಾಗಿ ಆ ಪ್ರೊಪ್ರನಾಲಾಲ್. ಕನಸುಗಳನ್ನು ಎದ್ದುಕಾಣುವಂತೆ, ಕೆಲವೊಮ್ಮೆ ಭಯಾನಕವಾಗಿ ಮಾಡುವುದು ಈ ಔಷಧದ ಪರಿಚಿತ ಪರಿಣಾಮ. ಹತ್ತು ವರ್ಷದ ಕನಸಿನ ತೀವ್ರತೆಯಲ್ಲಿ ಇದರ ಪಾಲೂ ಇರಬಹುದು. ನೀವಾಗಿ ನಿಲ್ಲಿಸಬೇಡಿ, ಥಟ್ಟನೆ ಬಿಟ್ಟರೆ ಬಡಿತವೂ ರಕ್ತದೊತ್ತಡವೂ ಏರಬಹುದು. ಬರೆದುಕೊಟ್ಟ ವೈದ್ಯರಿಗೆ ಕನಸಿನ ವಿಷಯವನ್ನು ಹೇಳಿ. ಸಮಯ ಅಥವಾ ಪ್ರಮಾಣ ಬದಲಿಸುವುದೋ ಬೇರೆ ಔಷಧ ಕೊಡುವುದೋ ಎಂದು ಅವರು ನೋಡುತ್ತಾರೆ. ಹೋಗುವಾಗ ಎರಡು ವಾರದ ನಿದ್ರೆಯ ಲೆಕ್ಕವನ್ನು, ಮಲಗಿದ್ದು ಎಷ್ಟಕ್ಕೆ, ಎದ್ದದ್ದು ಎಷ್ಟಕ್ಕೆ, ತಲೆನೋವು ಬಂದದ್ದು ಯಾವ ದಿನ ಎಂಬುದನ್ನು, ಅದೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡು ಹೋಗಿ.